ಹೆಣ ಸುತ್ತುವ ಮನೆಯ ಪಾಯಿ

ಬಹಳ ಕಾಲದ ಹಿಂದೆ, ಈಜಿಪ್ಟಿನಲ್ಲಿ, ನೈಲ್ ನದಿಯ ಪಡುವಣ ದಡದಲ್ಲಿ ಮುತೆಮ್ ಅಂತ ಒಬ್ಬ ವಿಧವೆ ಇದ್ದಳು. ಅವಳ ಮಗ ಪಾಯಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವಳು ಕೈಕಾಲು ಹಿಡಿದು ಅವನನ್ನು ಹಪುವಿನ ಹತ್ತಿರ ಕೆಲಸಕ್ಕೆ ಸೇರಿಸಿದಳು. ಹಪು ಹೆಣಗಳನ್ನು ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆ ಸುತ್ತಿ, ಪರಲೋಕಕ್ಕೆ ಅಣಿ ಮಾಡುವವನು.

"ಹೇಳಿದಷ್ಟೇ ಮಾಡು ಮಗಾ," ಅಂದಳು ತಾಯಿ. ಪಾಯಿ ತಲೆಯಾಡಿಸಿದ.

ಮೊದಲ ದಿನ ಹಪು ಹೇಳಿದ, "ಹಲಗೆ ಮೇಲೆ ಮಲಗಿದವರನ್ನು ಕಾಲಿಂದ ತಲೆವರೆಗೆ ಸುತ್ತು. ಎಲ್ಲೂ ಸಂದು ಬಿಡಬೇಡ."

ಮಧ್ಯಾಹ್ನ ಹಪುವಿನ ಮಾವ ಬಂದ. ಒಳಗೆ ತಂಪಾಗಿದೆ ಅಂತ ಹಲಗೆ ಮೇಲೆ ಅಡ್ಡಾದ, ಗೊರಕೆ ಹೊಡೆದ. ಪಾಯಿ ಸುತ್ತಿದ. ಕಾಲು ಸುತ್ತಿದ, ಕೈ ಸುತ್ತಿದ, ಮೂಗೂ ಸುತ್ತಿದ. ಹಪು ಬರುವಷ್ಟರಲ್ಲಿ ಗಂಟು ಒದ್ದಾಡುತ್ತಿತ್ತು. ಚಾಕುವಿನಿಂದ ಸೀಳಿ ನೋಡಿದರೆ ಮುದುಕನ ಮುಖ ನೀಲಿಗಟ್ಟಿತ್ತು. ಉಸಿರು ಮಾತ್ರ ಹೇಗೋ ಉಳಿದಿತ್ತು.

"ಮುಟ್ಠಾಳ, ಮೊದಲು ಹೆಸರು ಹಿಡಿದು ಕೂಗು. ಓಗೊಟ್ಟರೆ ಮನೆಗೆ ಕಳಿಸು," ಅಂದ ಹಪು. ಪಾಯಿ ತಲೆಯಾಡಿಸಿದ.

ಆಮೇಲೆ ಕಣಜದ ಅಧಿಕಾರಿ ಸೆನ್ಬಿಯ ಹೆಣ ಬಂತು. ಅಪ್ಪನ ಹೆಸರನ್ನೇ ಇಟ್ಟುಕೊಂಡಿದ್ದ ಮಗ ಬಾಗಿಲಾಚೆ ಅಳುತ್ತಾ ಕೂತಿದ್ದ. ಪಾಯಿ ಹೆಣದ ಕಿವಿಯಲ್ಲಿ ಕೂಗಿದ, "ಸೆನ್ಬಿ, ಸೆನ್ಬಿ."

"ಏನಪ್ಪಾ," ಅಂದ ಹೊರಗಿದ್ದ ಮಗ.

ಪಾಯಿ ಹಿಂದಿನ ಬಾಗಿಲಿಂದ ಹೆಣ ಹೊತ್ತು ನಡೆದ. ಸೆನ್ಬಿಯ ಮನೆ ಜಗಲಿ ಮೇಲೆ ಒರಗಿಸಿ ಕೂರಿಸಿದ. "ಕರೆದರೆ ಮಾತಾಡ್ತಾರಮ್ಮ. ಸ್ವಲ್ಪ ನಿದ್ದೆಗಣ್ಣು, ಅಷ್ಟೇ." ಸತ್ತವನ ಹೆಂಡತಿ ಅಲ್ಲೇ ಕುಸಿದಳು.

ಸಂಜೆಯೊಳಗೆ ಭಟರು ಬಂದು ಪಾಯಿಯನ್ನು ನ್ಯಾಯಾಧಿಕಾರಿಯ ಬಳಿಗೆ ಎಳೆದುಕೊಂಡು ಹೋದರು. ಹೆಣಕ್ಕೆ ಅವಮಾನ ಮಾಡಿದವನ ಮೂಗು ಕೊಯ್ಯಬೇಕು ಅಂತ ಸತ್ತವನ ಮಗ ಹಟ ಹಿಡಿದ. ಮುತೆಮ್ ಭಟರ ಹಿಂದೆ ಓಡುತ್ತಲೇ ಮಗನಿಗೆ ಹೇಳಿದಳು, "ಬಾಯಿ ಬಿಡಬೇಡ. ನೆಲಕ್ಕೆ ಹಣೆ ಹಚ್ಚು. ಏಳು ಅನ್ನುವ ತನಕ ಏಳಬೇಡ."

ನ್ಯಾಯಾಧಿಕಾರಿ ಏನು ಕೇಳಿದರೂ ಪಾಯಿ ಹಣೆ ಎತ್ತಲಿಲ್ಲ. ಕೊಯ್ಯುವವನು ಚಾಕು ಮಸೆಯುತ್ತಿದ್ದ. ಕೊನೆಗೆ ನ್ಯಾಯಾಧಿಕಾರಿ ನಿಟ್ಟುಸಿರಿಟ್ಟ. "ಇಷ್ಟು ಪಶ್ಚಾತ್ತಾಪ ನಾನು ಕಂಡಿಲ್ಲ. ಮನೆಗೆ ಹೋಗು."

ಹೋಗು ಅಂದ. ಏಳು ಅನ್ನಲಿಲ್ಲ.

ಪಾಯಿ ಹಣೆ ನೆಲಕ್ಕೆ ಉಜ್ಜುತ್ತಾ ತೆವಳಿಕೊಂಡು ಹೊರಟ. ಬೀದಿಯಲ್ಲಿ ಮಡಕೆ ಮಾರುವವಳು ನೋಡಿದಳು. ಹಿಂದೆ ಮಹಾರಾಜರ ಸವಾರಿ ಬರುತ್ತಿರಬೇಕು ಅಂತ ಧೊಪ್ಪನೆ ಅಡ್ಡಬಿದ್ದಳು. ಅವಳನ್ನು ನೋಡಿ ಬೆಸ್ತರು ಬಿದ್ದರು, ಅವರನ್ನು ನೋಡಿ ಭಟರೇ ಬಿದ್ದರು. ಕತ್ತೆಗಳು ಮಾತ್ರ ನಿಂತಿದ್ದವು.

ಮುತೆಮ್ ಏದುಸಿರು ಬಿಡುತ್ತಾ ಬಂದಳು. ಇಡೀ ಬೀದಿ ಮಲಗಿತ್ತು. "ಮಗಾ, ಏಳು" ಅನ್ನಲು ಬಾಯಿ ತೆರೆದಳು.

"ಬಾಯಿ ಮುಚ್ಚು," ಅಂತ ಕಾಲಬಳಿಯ ಭಟ ಪಿಸುಗುಟ್ಟಿದ. "ಮಹಾರಾಜರು ಬರ್ತಿದ್ದಾರೆ."

ಅವಳು ಹಿಂದೆ ನೋಡಿದಳು, ಮುಂದೆ ನೋಡಿದಳು. ಆಮೇಲೆ ಮೆಲ್ಲಗೆ ಮಗನ ಪಕ್ಕದಲ್ಲೇ ಹಣೆ ಹಚ್ಚಿ ಮಲಗಿದಳು.