ಗೊರವಂಕದ ಕಣ್ಣಿಗೆ ಮೆತ್ತಿದ ಬೆಣ್ಣೆ

ಲೋಕ ಇನ್ನೂ ಹಸಿಹಸಿಯಾಗಿತ್ತು. ಸೂರ್ಯನಿಗೆ ಆಗತಾನೇ ಕೆಲಸ ಸಿಕ್ಕಿತ್ತು. ಎಲ್ಲರ ಮನೆಯೊಳಗೂ ಇಣುಕಿ ನೋಡುವ ಚಾಳಿ ಅವನಿಗೆ. ಗೊರವಂಕ ಹಕ್ಕಿ ಆಗ ಕೊಕ್ಕಿನಿಂದ ಕಾಲಿನವರೆಗೂ ಬರೀ ಕಪ್ಪು, ಕಂದು.

ಆ ಹಕ್ಕಿ ಈರಜ್ಜಿಯ ಸೂರಿನಲ್ಲಿ ಗೂಡು ಕಟ್ಟಿತ್ತು. ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮರಿಗಳಿದ್ದವು. ಈರಜ್ಜಿಯೋ, ತನ್ನ ನೆರಳನ್ನೂ ನಂಬದ ಹೆಂಗಸು.

ಮನೆಗೆಲಸವೆಲ್ಲ ಮುಗಿಸಿ, ನಡುಮಧ್ಯಾಹ್ನ ಅಂಗಳದ ಕಂಬಕ್ಕೆ ಕಡೆಗೋಲು ಕಟ್ಟಿ, ಹಗ್ಗ ಎಳೆದೆಳೆದು ಅವಳು ಮೊಸರು ಕಡೆಯುತ್ತಿದ್ದಳು. ಬೆಣ್ಣೆ ಹರಳು ಹರಳಾಗಿ ತೇಲುತ್ತಿತ್ತು. ಅದನ್ನು ಗಟ್ಟಿ ಮಾಡಲು ತಣ್ಣೀರು ತರೋಣವೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಬೆಣ್ಣೆ ಮಾಯ!

"ಸೂರಲ್ಲಿ ಕೂತು ಗಡಿಗೇನೇ ನೋಡೋಳು ನೀನೊಬ್ಬಳೇ ಕಣೇ!"

"ನಾನಲ್ಲ ಅಜ್ಜೀ!"

"ಕದ್ದೋರೆಲ್ಲ ಹಂಗೇ ಅನ್ನೋದು."

ಗೊರವಂಕ ಹಾರುವುದನ್ನೇ ಬಿಟ್ಟು, ಅಂಗಳದಲ್ಲಿ ನಡೆದಾಡಿ ಕಾವಲು ಕಾಯಿತು. ಬೆಕ್ಕನ್ನು ಓರೆಗಣ್ಣಲ್ಲಿ ನೋಡಿತು. ಗಾಳಿಯನ್ನೂ ತಡೆದು ಕೇಳಿತು.

"ನಾನು ಬರೀ ವಾಸನೆ ನೋಡ್ದೆ, ಅಷ್ಟೇ," ಎಂದಿತು ಗಾಳಿ. ಗೊರವಂಕ ಅದನ್ನೂ ನಂಬಲಿಲ್ಲ.

ಮರುದಿನವೂ ನಡುಮಧ್ಯಾಹ್ನ ಮೊಸರು ಕಡೆದು ಅಜ್ಜಿ ನೀರಿಗೆ ಹೋದಳು. ಸೂರ್ಯ ಮೆಲ್ಲಗೆ ಗಡಿಗೆಯ ಮೇಲೆ ಬಗ್ಗಿದ. ಹರಳುಗಳು ಮೆತ್ತಗಾದವು, ಕರಗಿದವು, ಮಜ್ಜಿಗೆಯಲ್ಲಿ ಸೇರಿಹೋದವು.

"ಅಜ್ಜೀ, ಸೂರ್ಯ! ಸೂರ್ಯ!"

"ದೊಡ್ಡೋರ ಮೇಲೆ ಹಾಕ್ತೀಯಾ? ನಾಳೆನೂ ಬೆಣ್ಣೆ ಸಿಗದಿದ್ರೆ ನಿನ್ನ ಗೂಡು ಕಿತ್ತು ಬೀದಿಗೆ ಎಸೀತೀನಿ."

ಆ ಮರುದಿನ ಸೂರ್ಯ ಏಳುವ ಮೊದಲೇ ಗೊರವಂಕ ಕಿರುಚಿತು. "ಏಳು ಅಜ್ಜೀ, ಈಗ್ಲೇ ಮೊಸರು ಕಡೆ!"

ಇಷ್ಟು ಬೇಗ ಯಾಕೆ ಎಬ್ಬಿಸುತ್ತಾಳೆ, ಇದರಲ್ಲಿ ಏನೋ ಹುನ್ನಾರವಿದೆ ಎಂದುಕೊಂಡೇ ಅಜ್ಜಿ ಹಗ್ಗ ಎಳೆದಳು. ಬೆಣ್ಣೆ ತೇಲಿತು. ಅಜ್ಜಿ ನೀರಿಗೆ ಹೋದಳು. ಕರಗಿಬಿಟ್ಟಿತೋ ಏನೋ ಎಂಬ ಭಯಕ್ಕೆ ಗೊರವಂಕ ಗಡಿಗೆಯೊಳಗೆ ತಲೆ ಹಾಕಿತು. ಕಾಲು ಜಾರಿತು. ಹಳದಿ ಬೆಣ್ಣೆ ಕೊಕ್ಕಿಗೆ, ಕಣ್ಣ ಸುತ್ತ, ಕಾಲಿಗೆ ಮೆತ್ತಿಕೊಂಡಿತು.

ಅಜ್ಜಿ ಬಂದಳು. ಗಡಿಗೆ ತುಂಬ ಬೆಣ್ಣೆ. ಹಕ್ಕಿಯ ಮೂತಿ ತುಂಬವೂ ಬೆಣ್ಣೆ! ಅವಳು ಎರಡನ್ನೂ ನೋಡಿದಳು.

"ಬೆಣ್ಣೆ ಸಿಕ್ತು, ಗೂಡು ಇರ್ಲಿ. ಆದ್ರೆ ಆ ಮೂತಿ ಮಾತ್ರ ಒರೆಸ್ಕೋಬೇಡ. ನಂಗೆ ಗುರುತು ಬೇಕು."

ಬೆಣ್ಣೆ ಉಳಿಸಿಕೊಟ್ಟವಳಿಗೇ ಕಳ್ಳಿಯ ಗುರುತು! ಈರಜ್ಜಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಅದಕ್ಕೇ ಮಗಾ, ನಾವು ಬಿಸಿಲೇರುವ ಮೊದಲೇ ಮೊಸರು ಕಡೆಯುವುದು. ಅದಕ್ಕೇ ಅಂಗಳದಲ್ಲಿ ನಡೆದಾಡುವ ಗೊರವಂಕದ ಕೊಕ್ಕು, ಕಣ್ಣಂಚು, ಕಾಲು ಹಳದಿ, ಮತ್ತು ನೀನು ಹತ್ತಿರ ಹೋದರೆ ಸಾಕು, ಅದು ಕತ್ತು ಓರೆ ಮಾಡಿ ಮೊದಲು ನಿನ್ನ ಬಾಯಿ ನೋಡುತ್ತದೆ.