ಗೋಡೆ ಬದಿಯ ಚಾಪೆ

ಜನ ಅದನ್ನು ಮಠ ಎಂದು ಕರೆಯುತ್ತಿದ್ದರು. ಇದ್ದದ್ದು ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಹೊಳೆ.

ಅಲ್ಲಿ ಅಜ್ಜಯ್ಯ ಒಬ್ಬರೇ ಇರುತ್ತಿದ್ದರು. ಅವರು ಕೂರುತ್ತಿದ್ದ ಜೊಂಡಿನ ಚಾಪೆಯನ್ನು ನೇಯ್ದವಳು ಹಾಲವ್ವ. ಚಿಕ್ಕಂದಿನಲ್ಲಿ ಅವರ ಹತ್ತಿರವೇ ಅಕ್ಷರ ಕಲಿತವಳು. ಈಗ ಊರ ಹೊರಗೆ ತಗಡಿನ ಶೆಡ್ಡು ಹಾಕಿ, ತನ್ನಂಥ ಕೆಲವು ಹೆಂಗಸರನ್ನು ಕೂಡಿಸಿಕೊಂಡು ಚಾಪೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಂದು, ನಮಸ್ಕಾರ ಮಾಡುವುದನ್ನೂ ಮರೆತು, ಮೆಟ್ಟಿಲ ಮೇಲೆ ಕೂತಳು.

“ಶೆಡ್ಡು ಮುಚ್ಚೋ ಹಾಗಿದೆ ಅಜ್ಜಯ್ಯ.”

“ಯಾಕೆ, ಜೊಂಡು ಮುಗೀತಾ?”

“ಜೊಂಡಿಗೇನು ಬರ, ಹೊಳೆ ತುಂಬ ಇದೆ. ಕೊಳ್ಳೋರಿಲ್ಲ. ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಚಾಪೆ. ದಸರೆ ಒಳಗೆ ಕಾಯಂ ಗಿರಾಕಿ ಸಿಗದೆ ಹೋದರೆ ನಾವೆಲ್ಲ ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೋಗೋದೇ.”

“ಪೇಟೆಗೆ ಹೋಗಿ ಜನರನ್ನ ಕಾಣು ಅಂದಿದ್ದೆ.”

“ಹೋಗಿದ್ದೆ. ವರ್ತಕರ ಸಂಘದ ಸಭೆಗೆ.”

ಪೇಟೆಗೆ ರಜೆ ಇರುವ ದಿನ, ತಿಂಗಳಿಗೊಮ್ಮೆ, ಆ ಸಂಘ ಛತ್ರದಲ್ಲಿ ಸೇರುತ್ತಿತ್ತು. ಹಳಬರಿಗೆ ಕುರ್ಚಿ. ಹೊಸಬರು ವೀಳ್ಯದೆಲೆಯ ತಟ್ಟೆ ಹಿಡಿದು ಗೋಡೆ ಬದಿಗೆ ಸಾಲಾಗಿ ನಿಲ್ಲಬೇಕು. ಅಧ್ಯಕ್ಷ ಗೂಳಪ್ಪ ಸಾಹುಕಾರ ಬಂದು ಯಾರ ತಟ್ಟೆಯಿಂದ ಒಂದು ಎಲೆ ಎತ್ತಿಕೊಳ್ಳುತ್ತಾನೋ ಅವರು ಅಂದಿನಿಂದ ಸಂಘದವರು. ಉಳಿದವರ ಜೊತೆ ಪೇಟೆಯ ದೊಡ್ಡ ಅಂಗಡಿಗಳು ವ್ಯವಹಾರ ಇಟ್ಟುಕೊಳ್ಳುತ್ತಿರಲಿಲ್ಲ.

“ಎಲೆ ಎತ್ತಿಕೊಂಡನಾ?” ಅಜ್ಜಯ್ಯ ಕೇಳಿದರು.

“‘ಚಾಪೆಯಾ? ಈಗಿನ ಕಾಲದಲ್ಲಿ ನೆಲದ ಮೇಲೆ ಯಾರಮ್ಮ ಕೂರ್ತಾರೆ?’ ಅಂದು ಮುಂದೆ ಹೋದ. ಕುರ್ಚಿಯವರೆಲ್ಲ ನಕ್ಕರು.”

“ನಿನ್ನ ಬಲಕ್ಕೆ ಯಾರು ನಿಂತಿದ್ದರು?”

“ಯಾರೋ ಮುದುಕರು. ಸರಿಯಾಗಿ ನೋಡಲಿಲ್ಲ.”

“ಎಡಕ್ಕೆ?”

“ಯಾರೋ ಹೆಂಗಸು.”

“ಸಾಹುಕಾರನ ಅಂಗಿ ಗುಂಡಿ ಯಾವ ಬಣ್ಣ?”

“ಬಿಳಿ. ಮೇಲಿನದೊಂದು ಕಿತ್ತುಹೋಗಿತ್ತು.” ಹೇಳಿಬಿಟ್ಟು ಹಾಲವ್ವ ನಾಲಿಗೆ ಕಚ್ಚಿಕೊಂಡಳು.

ಆದರೂ ಬಿಡದೆ ಕೇಳಿದಳು:

“ಅವನಿಗೆ ಏನು ಹೇಳಿದರೆ ಎಲೆ ಎತ್ತಿಕೊಳ್ತಾನೆ? ಆ ಮಾತು ಹೇಳಿಕೊಡಿ ಅಜ್ಜಯ್ಯ.”

ಅಜ್ಜಯ್ಯ ಎದ್ದರು. ಮೂಲೆಯಲ್ಲಿದ್ದ ಜೊಂಡಿನ ಕಟ್ಟು ಬಿಚ್ಚಿದರು. ಒಂದು ಕಡ್ಡಿಯ ತುದಿಗೆ ಇನ್ನೊಂದರ ಬುಡ, ಅದರ ತುದಿಗೆ ಮತ್ತೊಂದರ ಬುಡ, ಹೀಗೆ ಹೊಸಿಲಿನಿಂದ ನೀರಿನ ಅಂಚಿನವರೆಗೆ ಒಂದೇ ಗೆರೆಯಲ್ಲಿ ಇಡುತ್ತ ಹೋದರು.

“ಚಾಪೆ ಆಯಿತು. ಕೂತುಕೋ.”

“ಇದರ ಮೇಲಾ? ಇಲಿ ಕೂಡ ಕೂರೋದಿಲ್ಲ ಅಜ್ಜಯ್ಯ. ಕಡ್ಡಿ ಪಕ್ಕ ಕಡ್ಡಿ ಬಂದರೆ ತಾನೆ ಚಾಪೆ?”

“ನೀವೆಲ್ಲ ಛತ್ರದಲ್ಲಿ ಇದರ ಮೇಲೇ ನಿಂತಿದ್ದಿರಿ” ಎಂದು ಅಜ್ಜಯ್ಯ ಸ್ನಾನಕ್ಕೆ ಇಳಿದರು.

*

ಮುಂದಿನ ಸಭೆ ಮುಗಿದ ಮರುದಿನ ಹಾಲವ್ವ ಹುರುಪಿನಿಂದ ಬಂದಳು.

“ಈ ಸಲ ಸಾಹುಕಾರನ ಕಡೆ ತಿರುಗಿಯೂ ನೋಡಲಿಲ್ಲ. ವಿಸಿಟಿಂಗ್ ಕಾರ್ಡು ಮಾಡಿಸಿದ್ದೆ. ಗೋಡೆಗೆ ನಿಂತಿದ್ದ ಒಬ್ಬೊಬ್ಬರ ಕೈಗೂ ಕೊಟ್ಟೆ. ನನ್ನ ಚಾಪೆ ಎಷ್ಟು ತಂಪು, ಎಷ್ಟು ವರ್ಷ ಬಾಳಿಕೆ ಬರುತ್ತೆ, ಎಲ್ಲ ಬಿಡಿಸಿ ಹೇಳಿದೆ. ಒಬ್ಬರನ್ನೂ ಬಿಡಲಿಲ್ಲ.”

“ಬಿಸಿಲಲ್ಲಿ ಬಂದಿದ್ದೀಯ. ಮಜ್ಜಿಗೆ ಕುಡಿ” ಎಂದು ಅಜ್ಜಯ್ಯ ಲೋಟ ತುಂಬಿಸಿ ತಂದರು.

ಅವಳು ಕೈ ಚಾಚಿದಳು. ಅಜ್ಜಯ್ಯ ಆ ಕೈಗೆ ಒಂದು ಹಿಡಿ ಬೇವಿನ ಸೊಪ್ಪು ಇಟ್ಟರು.

“ಬೇವು. ನನ್ನ ಮರದ್ದು. ಬಹಳ ಒಳ್ಳೇದು.”

ಅವಳು ಇನ್ನೊಂದು ಕೈ ಚಾಚಿದಳು. ಅದಕ್ಕೂ ಸೊಪ್ಪು.

“ಇದೂ ನನ್ನದೇ. ಹಲ್ಲಿಗೆ ಒಳ್ಳೇದು. ಚರ್ಮಕ್ಕೂ.”

ಆಮೇಲೆ ಮಡಿಲಿಗೆ ಒಂದಷ್ಟು. ಹೆಗಲ ಮೇಲೆ ಒಂದು ಕೊಂಬೆ.

“ಅಜ್ಜಯ್ಯ, ಕೈ ತುಂಬ ಸೊಪ್ಪು ತುಂಬಿದರೆ ಮಜ್ಜಿಗೆ ಹೇಗೆ ಕುಡಿಯಲಿ? ಬಾಯಾರಿದೆ ಅಂತ ಕಾಣೋದಿಲ್ಲವಾ ನಿಮಗೆ?”

ಅಜ್ಜಯ್ಯ ಮಜ್ಜಿಗೆಯನ್ನು ತಾವೇ ಕುಡಿದರು. ಬಾಯಿ ಒರೆಸಿಕೊಂಡರು.

“ನಿನ್ನ ಕಾರ್ಡು ತಗೊಂಡ ಮುದುಕನಿಗೆ ಏನು ಬೇಕಾಗಿತ್ತು?”

ಹಾಲವ್ವ ಸೊಪ್ಪನ್ನು ಒಂದೊಂದಾಗಿ ಕೆಳಗಿಟ್ಟಳು.

“ಮುಂದಿನ ಸಭೆಗೆ ಕಾರ್ಡು ಬೇಡ” ಎಂದರು ಅಜ್ಜಯ್ಯ. “ಒಂದು ಚಾಪೆ ತಗೊಂಡು ಹೋಗು. ದೊಡ್ಡದು.”

“ಮಾರೋದಕ್ಕಾ?”

“ಚಾಪೆ ಮಾಡೋದು ಯಾಕೆ?”

“ಕೂರೋದಕ್ಕೆ.”

“ಹಾಗಾದರೆ ಕೂತುಕೋ.”

ಅವಳು ಗಾಬರಿಯಾದಳು. “ಛತ್ರದಲ್ಲಾ? ಎಲೆ ಎತ್ತಿಕೊಳ್ಳೋಕೆ ಮುಂಚೆ ಯಾರೂ ಕೂರೋ ಹಾಗಿಲ್ಲ. ಕತ್ತು ಹಿಡಿದು ಆಚೆ ಹಾಕ್ತಾರೆ. ಆ ಪೇಟೆ ಬಾಗಿಲು ನನಗೆ ಶಾಶ್ವತವಾಗಿ ಮುಚ್ಚಿಹೋಗುತ್ತೆ.”

“ಈಗ ತೆರೆದಿದೆಯಾ?”

*

ಶೆಡ್ಡಿನಲ್ಲಿ ವಿಷಯ ತಿಳಿದಾಗ ಎಲ್ಲರಿಗಿಂತ ಹಿರಿಯಳಾದವಳು ಕೈಯಲ್ಲಿದ್ದ ಕಡ್ಡಿ ಎಸೆದಳು.

“ಅಜ್ಜಯ್ಯನಿಗೇನು, ಹೊಳೆ ನೋಡ್ತಾ ಕೂತಿರ್ತಾರೆ. ನಿನ್ನ ಸೊಕ್ಕಿಗೆ ನಮ್ಮ ಒಲೆ ಆರಬೇಕಾ? ಹೋಗಿ ಸಾಹುಕಾರನ ಕಾಲು ಹಿಡಿ. ಕಾಲು ಹಿಡಿದರೆ ಏನು ಸವೀತೀಯಾ?”

ಹಾಲವ್ವ ಒಳಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಚಾಪೆ ಆರಿಸಿ ಸುತ್ತಿದಳು. ಹೊಸಿಲು ದಾಟುವಾಗ ಹೇಳಿದಳು:

“ಸವೀತೀನಿ ಚಿಕ್ಕಮ್ಮ.”

*

ಛತ್ರದಲ್ಲಿ ಹೊಸಬರು ಎಂದಿನಂತೆ ಗೋಡೆ ಬದಿಗೆ ನಿಂತಿದ್ದರು. ಸಾಹುಕಾರ ಇನ್ನೂ ಬಂದಿರಲಿಲ್ಲ.

ಹಾಲವ್ವ ತಟ್ಟೆಯನ್ನು ನೆಲಕ್ಕಿಟ್ಟಳು. ಕಂಕುಳಿನ ಸುರುಳಿ ಬಿಚ್ಚಿದಳು. ಕೂತಳು.

ಸಂಘದ ಕಾರ್ಯದರ್ಶಿ ಓಡಿಬಂದ.

“ಏನಮ್ಮ ಇದು, ಸಂತೆ ಅಂದುಕೊಂಡೆಯಾ? ಏಳು, ಏಳು. ಹೊಸಬರು ಕೂರೋ ಹಾಗಿಲ್ಲ.”

“ಕುರ್ಚಿ ಮೇಲೆ ತಾನೆ?”

“ಎಲ್ಲೂ!”

“ಕುರ್ಚಿ ನಿಮ್ಮದು, ನಾನು ಕೇಳಿಲ್ಲ. ಚಾಪೆ ನನ್ನದು.”

“ಸಾಹುಕಾರರು ಬರೋ ಹೊತ್ತು ಕಣಮ್ಮ. ನೋಡಿದರೆ ಏನಂತಾರೆ?”

“ಬರಲಿ. ನೆಲದ ಮೇಲೆ ಯಾರು ಕೂರ್ತಾರೆ ಅಂತ ಕೇಳಿದ್ದರು. ನಾನು ಕೂರ್ತೀನಿ.”

ಕಾರ್ಯದರ್ಶಿ ಸಾಹುಕಾರನನ್ನು ಹುಡುಕಿಕೊಂಡು ಹೊರಗೆ ಹೋದ.

ಹಾಲವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕಾಲು ಮಡಚಿಕೊಂಡಳು.

ಬಲಕ್ಕೆ ನಿಂತಿದ್ದ ಮುದುಕ ಬಗ್ಗಿ ನೋಡಿದ. ಖಾಸಿಂ ಸಾಬ್ ಎಂದು ಹೆಸರು. ಮನೆಯಲ್ಲೇ ಸಾಬೂನು ಮಾಡುವವನು.

“ತಂಗಿ, ಇನ್ನೊಬ್ಬರಿಗೆ ಜಾಗ ಇದೆಯಾ? ಅಧ್ಯಕ್ಷರಿಗೆ ನಾನು ಕಾಯ್ತೀನಿ. ನನ್ನ ಮೊಣಕಾಲು ಕಾಯೋದಿಲ್ಲ ಅಂತಿದೆ.”

ಅವಳು ಜರುಗಿದಳು. ಮುದುಕ ‘ಯಾ ಅಲ್ಲಾ’ ಎಂದು ಉಸಿರು ಬಿಟ್ಟು ಕೂತ.

ಅವಳ ಬಾಯಿಗೆ ಚಾಪೆಯ ಮಾತು ಬಂತು. ಬೇವಿನ ಸೊಪ್ಪು ನೆನಪಾಗಿ ನುಂಗಿಕೊಂಡಳು.

“ಅಣ್ಣಾ, ನಿಮ್ಮ ಕೆಲಸದಲ್ಲಿ ತಾಪತ್ರಯ ಏನು?”

ಮುದುಕ ಅವಳನ್ನೇ ನೋಡಿದ. “ಇಷ್ಟು ವರ್ಷಕ್ಕೆ ಈ ಪೇಟೇಲಿ ಇದನ್ನ ಕೇಳಿದೋಳು ನೀನೊಬ್ಬಳೇ. ಸಾಬೂನು ಕೊಯ್ದ ಮೇಲೆ ವಾರಗಟ್ಟಲೆ ಆರಬೇಕಮ್ಮ. ತಗಡಿನ ಮೇಲೆ ಇಟ್ಟರೆ ಅಡಿಯಲ್ಲಿ ಬೆವರ್ತದೆ, ಅಂಟಿಕೊಳ್ತದೆ. ಎಷ್ಟೋ ಹಾಳು.”

ಅವಳು ಸುಮ್ಮನೆ ಕೇಳಿಸಿಕೊಂಡಳು. ಮುದುಕನ ಅಂಗೈ ತಾನಾಗಿ ಚಾಪೆಯ ಮೇಲೆ ಆಡಿತು. ಒಂದು ಮೂಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ಇದರೊಳಗೆ ಗಾಳಿ ಆಡ್ತದಲ್ಲ?”

“ಹಪ್ಪಳಕ್ಕೂ ಅದೇ ರೋಗ!” ಎಂದಿತು ಮೇಲಿನಿಂದ ಒಂದು ದನಿ. ಎಡಕ್ಕೆ ನಿಂತಿದ್ದ ರುಕ್ಮಾಬಾಯಿ, ಹಪ್ಪಳ ಮಾಡುವವಳು. “ಪ್ಲಾಸ್ಟಿಕ್ ಹಾಳೆ ಮೇಲೆ ಒಣಗಿಸಿದರೆ ಅಡಿ ಒದ್ದೆ. ಜರುಗಿ ಸಾಬರೇ, ನಾನೂ ಕೂರ್ತೀನಿ.”

“ಕೂರಮ್ಮ. ಆದರೆ ಹಪ್ಪಳ ನನ್ನ ಸಾಬೂನಿನ ಪಕ್ಕ ಒಣಗಿಸಬೇಡ. ಊಟದಲ್ಲಿ ನೊರೆ ಬಂದೀತು.”

ರುಕ್ಮಾಬಾಯಿ ನಕ್ಕ ಸದ್ದಿಗೆ ಕುರ್ಚಿಯವರು ತಿರುಗಿ ನೋಡಿದರು. ಅವಳು ತನ್ನ ಬಿರಿದ ಬೆರಳು ತೋರಿಸಿದಳು. “ಹಿಟ್ಟಿನ ಖಾರಕ್ಕೆ ನಮ್ಮ ಹೆಣ್ಣುಮಕ್ಕಳ ಕೈಯೆಲ್ಲ ಹೀಗೆ. ಅಂಗಡಿ ಸಾಬೂನು ಹಚ್ಚಿದರೆ ಇನ್ನೂ ಉರಿ.”

ಹಾಲವ್ವ ಮುದುಕನ ಕಡೆ ತಿರುಗಿದಳು. “ಅಣ್ಣಾ, ಮೆತ್ತಗಿನ ಸಾಬೂನು ಮಾಡ್ತೀರಾ?”

“ಕೊಬ್ಬರಿ ಎಣ್ಣೇದು ಮಾಡ್ತೀನಿ. ಕೇಳೋರಿಲ್ಲ ಅಂತ ಬಿಟ್ಟಿದ್ದೆ.”

“ಕೇಳ್ತಿದ್ದಾರಲ್ಲ.”

ಇಬ್ಬರೂ ಅವಳ ತಲೆಯ ಮೇಲಿಂದಲೇ ಮಾತಿಗಿಳಿದರು. ಆ ಮಾತಿನಲ್ಲಿ ಚಾಪೆ ಎಲ್ಲೂ ಇರಲಿಲ್ಲ. ಹಾಲವ್ವನಿಗೆ ಬೇಸರವಾಗಲಿಲ್ಲ.

ಗೋಡೆಗೆ ನಿಂತಿದ್ದ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಜಾಗ ಸಾಲದೆ ಕೆಲವರು ಅಂಚಿಗೆ ಒಂದೇ ತೊಡೆ ಊರಿ ಕೂತರು. ಮಾತಿನ ನಡುವೆ ಯಾರೋ ಒಂದು ಎಲೆಗೆ ಸುಣ್ಣ ಹಚ್ಚಿದರು. ತಟ್ಟೆ ಕೈಯಿಂದ ಕೈಗೆ ಹೋಯಿತು.

ಗೂಳಪ್ಪ ಸಾಹುಕಾರ ಒಳಗೆ ಬಂದಾಗ ಗೋಡೆ ಬದಿಯಲ್ಲಿ ನಿಂತವರೇ ಇರಲಿಲ್ಲ. ಎಲ್ಲರೂ ಅವನ ಮೊಣಕಾಲಿನ ಮಟ್ಟಕ್ಕೆ ಕೂತು, ಬಾಯಿ ಕೆಂಪು ಮಾಡಿಕೊಂಡು, ಅವನು ಬಂದದ್ದನ್ನೂ ಕಾಣದೆ ಮಾತಾಡುತ್ತಿದ್ದರು.

“ತಟ್ಟೆ ಎಲ್ಲಿ?” ಎಂದ.

“ಖಾಲಿಯಾಯ್ತು ಸಾಹುಕಾರರೇ” ಎಂದಳು ಹಾಲವ್ವ. “ನಿಮಗೆ ಕಾದು ಕಾದು ಎಲೆ ಬಾಡ್ತಿತ್ತು. ಹಂಚಿಕೊಂಡೆವು.”

ಸಾಹುಕಾರನ ಮುಖ ಬಿಗಿಯಿತು. “ಈ ಛತ್ರದಲ್ಲಿ ಇನ್ನು ನಿಮಗೆ ಜಾಗ ಇಲ್ಲ.”

ಹಾಲವ್ವ ಎದ್ದಳು. ಎಲ್ಲರೂ ಎದ್ದರು. ಅವಳು ಚಾಪೆ ಸುತ್ತಿ ಹೆಗಲಿಗೇರಿಸಿದಳು.

“ಜಾಗ ನಾವೇ ತಂದಿದ್ದೆವು. ತಗೊಂಡು ಹೋಗ್ತೀವಿ.”

ಛತ್ರದ ಎದುರಿಗೇ ಒಂದು ಅರಳಿಕಟ್ಟೆ. ಚಾಪೆ ಅಲ್ಲಿ ಮತ್ತೆ ಬಿಚ್ಚಿಕೊಂಡಿತು. ಬಿಟ್ಟ ಮಾತು ಬಿಟ್ಟಲ್ಲಿಂದ ಮುಂದುವರಿಯಿತು.

*

ಹಾಲವ್ವ ಮತ್ತೆ ಹೊಳೆದಂಡೆಗೆ ಬರುವ ಹೊತ್ತಿಗೆ ದಸರೆ ಕಳೆದಿತ್ತು. ತಲೆಯ ಮೇಲೆ ಹೊಸ ಚಾಪೆ, ಕೈಯಲ್ಲಿ ಹಪ್ಪಳದ ಪೊಟ್ಟಣ, ಒಂದು ಕೊಬ್ಬರಿ ಎಣ್ಣೆಯ ಸಾಬೂನು.

“ಶೆಡ್ಡು?” ಎಂದರು ಅಜ್ಜಯ್ಯ.

“ಜಾಗ ಸಾಲ್ತಿಲ್ಲ. ಸಾಬೂನು ಆರೋದು ನಮ್ಮ ಚಾಪೆ ಮೇಲೆ, ಹಪ್ಪಳ ಒಣಗೋದು ನಮ್ಮ ಚಾಪೆ ಮೇಲೆ. ಅವರಿವರು ಹೇಳಿ ಇನ್ನೆಲ್ಲಿಂದಲೋ ಗಿರಾಕಿ ಬರ್ತಾರೆ. ಚಿಕ್ಕಮ್ಮ ಈಗ ಹೊಸಬರಿಗೆ ನೇಯೋದು ಕಲಿಸ್ತಾಳೆ, ಬೈಗುಳ ಸಮೇತ.”

“ಅರಳಿಕಟ್ಟೆ ಮೇಲೆ ಕೂರ್ತೀರಂತೆ?”

“ತುಂಬಿರುತ್ತೆ. ಕುರ್ಚಿಯವರೂ ಒಬ್ಬೊಬ್ಬರೇ ಇಳಿದು ಬರ್ತಿದ್ದಾರೆ. ಛತ್ರದಲ್ಲಿ ಕುರ್ಚಿ ಖಾಲಿ.”

ಅವಳು ಹತ್ತಿರ ಸರಿದು ದನಿ ತಗ್ಗಿಸಿದಳು. ಕಣ್ಣು ಮಿನುಗುತ್ತಿತ್ತು.

“ದೊಡ್ಡ ಸುದ್ದಿ ಅದಲ್ಲ. ಗೂಳಪ್ಪ ಸಾಹುಕಾರ ಹೇಳಿ ಕಳಿಸಿದ್ದಾನೆ. ಅವನ ಅಂಗಡಿಗೆ ರುಕ್ಮಾಬಾಯಿ ಹಪ್ಪಳ ಬೇಕಂತೆ. ಈ ಸಲ ಕಟ್ಟೆಗೆ ತಾನೇ ಬರ್ತಾನಂತೆ.”

“ಬರಲಿ.”

“ಬರಲಿ! ನಾನೂ ಅದನ್ನೇ ಅಂದೆ. ಬರಲಿ, ಆದರೆ ಕೈಯಲ್ಲಿ ತಟ್ಟೆ ಹಿಡಿದು ಬರಲಿ. ಚಾಪೆ ಅಂಚಿನಲ್ಲಿ ನಿಂತಿರಲಿ. ನಾನು ಎಲೆ ಎತ್ತಿಕೊಂಡ ಮೇಲೆ ಕೂರಲಿ.”

ಅಜ್ಜಯ್ಯ ಅವಳ ತಲೆಯ ಮೇಲಿನ ಚಾಪೆಯನ್ನು ಇಳಿಸಿಕೊಂಡರು.

“ಯಾಕೆ ಸುಮ್ಮನಾದಿರಿ? ನಾನು ನಿಂತಿರಲಿಲ್ಲವಾ? ಖಾಸಿಂ ಅಣ್ಣ ಆ ಮೊಣಕಾಲು ಇಟ್ಟುಕೊಂಡು ನಿಂತಿರಲಿಲ್ಲವಾ? ಒಂದು ದಿನ ಅವನಿಗೂ ಗೊತ್ತಾಗಲಿ. ಕಟ್ಟೆಯವರೆಲ್ಲ ಒಪ್ಪಿದ್ದಾರೆ. ಇನ್ನು ಮುಂದೆ ಯಾರೇ ಹೊಸಬರು ಬರಲಿ, ಮೊದಲು ನಿಂತು...”

ಅವಳ ಮಾತು ಅಲ್ಲಿಗೆ ತಡವರಿಸಿತು.

ಅಜ್ಜಯ್ಯ ಅವಳು ತಂದ ಹೊಸ ಚಾಪೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದರು. ಬಗ್ಗಿ ಅದರ ನಾಲ್ಕೂ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತ ಬಂದರು. ಕಳೆದುಹೋದದ್ದೇನನ್ನೋ ಹುಡುಕುವವರ ಹಾಗೆ ಮತ್ತೊಂದು ಸುತ್ತು ಬಂದರು.

“ಏನು ಹುಡುಕ್ತೀರಿ ಅಜ್ಜಯ್ಯ?”

ಅಜ್ಜಯ್ಯ ತಲೆಯೆತ್ತಿ ಅವಳನ್ನು ನೋಡಿದರು.

“ಚಾಪೆಗೆ ಬಾಗಿಲು ಇಡೋದನ್ನ ಯಾವಾಗ ಕಲಿತೆ ಮಗಳೇ?”