ಗೆಲುವಿನ ಕಂಬಕ್ಕೆ ಊರುಗೋಲು

ಗ್ರೀಕರ ನಾಡಿನಲ್ಲಿ ಮೆರೋಪ ಎಂಬ ಊರಿತ್ತು, ಬೆಟ್ಟದ ಮೇಲೆ. ಕೆಳಗೆ ಕಣಿವೆ. ಕಣಿವೆ ದಾಟಿದರೆ ಸಮುದ್ರದ ದಂಡೆಯಲ್ಲಿ ಲಿಂಥ ಎಂಬ ಇನ್ನೊಂದು ಊರು. ಭೂಪಟ ತೆಗೆದು ಹುಡುಕಬೇಡಿ. ಸಿಗುವುದಿಲ್ಲ; ಸಿಕ್ಕಿದರೆ ಅದು ಬೇರೆ ಯಾವುದೋ ಊರು. ಜನರ ಹೆಸರುಗಳನ್ನೂ ಸ್ವಲ್ಪ ಕತ್ತರಿಸಿದ್ದೇನೆ. ಗ್ರೀಕರ ಹೆಸರುಗಳೆಲ್ಲ ಕುಕ್ಕರ್ ಆವಿ ಬಿಟ್ಟ ಹಾಗೆ 'ಸ್' ಎಂದು ಮುಗಿಯುತ್ತವೆ. ಆವಿ ತೆಗೆದು ಕೊಟ್ಟಿದ್ದೇನೆ.

ಆಡು ಕುರಿಗಳು ಎರಡೂ ಊರಿನಲ್ಲಿದ್ದವು. ಹುಲ್ಲು ಮಾತ್ರ ಕಣಿವೆಯಲ್ಲಿತ್ತು. ಇಷ್ಟು ಸಾಕಲ್ಲ, ಒಂದು ದಿನ ಬೆಳಿಗ್ಗೆ ಯುದ್ಧವಾಯಿತು. ಎಷ್ಟು ಜನ ಸತ್ತರು ಎಂದು ಕೇಳಿದರೆ ಮೆರೋಪದವರು ಇನ್ನೂರು ಎನ್ನುತ್ತಾರೆ, ಲಿಂಥದವರು ಏಳು ಎನ್ನುತ್ತಾರೆ. ಇಬ್ಬರಿಗೂ ಬೇಸರವಾಗದಿರಲಿ ಎಂದು ನಾನು ನಲವತ್ತು ಎಂದು ಇಟ್ಟುಕೊಂಡಿದ್ದೇನೆ. ಗೆದ್ದದ್ದು ಮೆರೋಪ. ಗೆಲ್ಲಿಸಿದವನು ಅದರ ದಂಡನಾಯಕ ಕ್ಲೆಯಾಂಡ್ರ.

ಆ ಕಾಲದಲ್ಲಿ ಒಂದು ಪದ್ಧತಿ ಇತ್ತು. ಶತ್ರು ಎಲ್ಲಿ ಬೆನ್ನು ತಿರುಗಿಸಿ ಓಡಿದನೋ ಅಲ್ಲೇ ಗೆದ್ದವರು ಒಂದು ಮರದ ಕಂಬ ನೆಡುತ್ತಿದ್ದರು. ಸತ್ತ ಅಥವಾ ಸೆರೆಸಿಕ್ಕ ಶತ್ರುವಿನ ಕವಚ, ಗುರಾಣಿ, ಶಿರಸ್ತ್ರಾಣವನ್ನು ಅದಕ್ಕೆ ತೊಡಿಸುತ್ತಿದ್ದರು. ದೂರದಿಂದ ನೋಡಿದರೆ ಯಾರೋ ಯೋಧ ನಿಂತ ಹಾಗೆ ಕಾಣುತ್ತಿತ್ತು. ಅದು ಗೆಲುವಿನ ಕಂಬ. ಸೋತವರು ಅದನ್ನು ಬೀಳಿಸುವಂತಿಲ್ಲ. ಗೆದ್ದವರು ಅದನ್ನು ರಿಪೇರಿ ಮಾಡುವಂತಿಲ್ಲ. ಕಲ್ಲಿನಲ್ಲಿ ಕಟ್ಟುವಂತಿಲ್ಲ, ಕಂಚಿನಲ್ಲಿ ಎರಕ ಹೊಯ್ಯುವಂತಿಲ್ಲ. ಗಾಳಿ, ಮಳೆ, ಗೆದ್ದಲು ತಮ್ಮ ಕೆಲಸ ಮಾಡಲಿ. ಕಂಬ ತಾನಾಗಿ ಬಿದ್ದ ದಿನ ಹಗೆ ಮುಗಿಯಿತು. ನೆಲಕ್ಕೆ ಬಿದ್ದ ಶಿರಸ್ತ್ರಾಣವನ್ನು ಸತ್ತವನ ಮನೆಯವರು ಒಯ್ಯಬಹುದು. ಎರಡೂ ಊರಿನವರು ಅಲ್ಲೇ ಒಂದು ಆಡು ಕೊಯ್ದು, ಒಟ್ಟಿಗೆ ಉಂಡು, ಕಣಿವೆಯ ಹುಲ್ಲನ್ನು ಇಬ್ಬರೂ ಮೇಯಿಸಿಕೊಳ್ಳಬೇಕು. ಮರಕ್ಕೆ ಎಷ್ಟು ಆಯಸ್ಸೋ ದ್ವೇಷಕ್ಕೂ ಅಷ್ಟೇ ಆಯಸ್ಸು ಎಂದು ಹಿರಿಯರು ಲೆಕ್ಕ ಹಾಕಿದ್ದರು.

ಕ್ಲೆಯಾಂಡ್ರ ಅಲ್ಲೇ ಇದ್ದ ಒಂದು ಪೈನ್ ಮರ ಕಡಿಸಿ ಕಂಬ ನೆಟ್ಟ.

ಮೆರೋಪದಲ್ಲಿ ದಂಡನಾಯಕನನ್ನು ಪ್ರತಿ ವಸಂತದಲ್ಲೂ ಹೊಸದಾಗಿ ಆರಿಸುತ್ತಿದ್ದರು. ಗಂಡಸರೆಲ್ಲ ಮಾರುಕಟ್ಟೆಯ ಬಯಲಿನಲ್ಲಿ ಸೇರಿ ಕೈ ಎತ್ತಬೇಕು. ಮೊದಲ ವರ್ಷ ಬಯಲಿನಲ್ಲಿ ಕಂಕುಳು ಕಾಣದ ಮನುಷ್ಯನೇ ಇರಲಿಲ್ಲ. ಎರಡನೆಯ ವರ್ಷ ಕೆಲವರು ಭುಜದ ಮಟ್ಟಕ್ಕೆ ಮಾತ್ರ ಎತ್ತಿದರು. ಮೂರನೆಯ ವರ್ಷ ಎಣಿಸಬೇಕಾಯಿತು.

ನಾಲ್ಕನೆಯ ವರ್ಷ ಕ್ಲೆಯಾಂಡ್ರ ಕ್ಷೌರದ ಅಂಗಡಿಯಲ್ಲಿ ಕೂತಿದ್ದ. ಮುಖಕ್ಕೆ ಬಟ್ಟೆ ಹಾಕಿದ್ದರಿಂದ ಯಾರಿಗೂ ಗುರುತು ಸಿಕ್ಕಿರಲಿಲ್ಲ.

"ಕಣಿವೆಯ ಕಂಬ ವಾಲಿದೆಯಂತಲ್ಲ," ಎಂದ ಒಬ್ಬ.

"ನಾಲ್ಕು ಬೆರಳು," ಎಂದ ಇನ್ನೊಬ್ಬ. "ನಮ್ಮ ದಂಡನಾಯಕರೂ ಅಷ್ಟೇ ವಾಲಿದ್ದಾರೆ. ನೋಡಿ ಬೇಕಾದರೆ, ಎರಡೂ ಒಂದೇ ದಿನ ಮಲಗುತ್ತವೆ."

ಅಂಗಡಿಯಲ್ಲಿ ಎಲ್ಲರೂ ನಕ್ಕರು. ಕ್ಲೆಯಾಂಡ್ರ ಬಟ್ಟೆ ಕಿತ್ತೆಸೆದು ಎದ್ದ. ಅರ್ಧ ಗಡ್ಡ ಹೋಗಿತ್ತು, ಅರ್ಧ ಇತ್ತು. ಅದೇ ಮುಖ ಹೊತ್ತುಕೊಂಡು ಬೆಟ್ಟ ಇಳಿದ.

ಕಂಬ ನಿಜವಾಗಿಯೂ ವಾಲಿತ್ತು. ಬುಡದಲ್ಲಿ ಗೆದ್ದಲು ಹಿಡಿದಿತ್ತು. ಅವನು ಸುತ್ತ ನೋಡಿದ. ಮಟಮಟ ಮಧ್ಯಾಹ್ನ, ಕುರುಬರೂ ನೆರಳು ಹುಡುಕಿ ಮಲಗಿದ್ದರು. ಒಂದು ಕಲ್ಲು ತಂದು ಬುಡಕ್ಕೆ ಒತ್ತು ಕೊಟ್ಟ. ಒಂದು ಕಲ್ಲು ತಾನೇ, ಅದನ್ನೇನು ರಿಪೇರಿ ಎನ್ನಲಾಗುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಾನು ಕೇಳಿಲ್ಲ, ಆದರೆ ಹೀಗೆ ಮಾಡುವವರೆಲ್ಲ ಮೊದಲ ಕಲ್ಲಿಗೆ ಅದನ್ನೇ ಹೇಳುವುದು.

ಅಲ್ಲಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಾ ಮಧ್ಯಾಹ್ನ ಬೆಟ್ಟ ಇಳಿಯುವುದು, ಒಂದು ಕಲ್ಲು ಇಡುವುದು, ಹತ್ತುವುದು. ಗಾಳಿ ಬೀಸಿದರೆ ಬಾಗಿಲಿಗೆ ಓಡುತ್ತಿದ್ದ. ಮನೆಯಲ್ಲಿ ಮಂಚದ ಕಾಲು, ಬಾಗಿಲ ಚೌಕಟ್ಟು, ಏನು ಕಂಡರೂ ಅಲ್ಲಾಡಿಸಿ ನೋಡುತ್ತಿದ್ದ.

"ರೀ, ಊಟಕ್ಕೆ ಕೂತವರು ಹೊಟ್ಟೆ ತುಂಬಿದ ಮೇಲೆ ಏಳಬೇಕು," ಎಂದಳು ಹೆಂಡತಿ ಮೆಲಿತ್ತ. "ನೀವು ಮೂರು ತುತ್ತಿಗೆ ಮೂರು ಸಲ ಎದ್ದಿರಿ."

"ಗಾಳಿ ಎದ್ದ ಹಾಗಿದೆ."

"ಗಾಳಿ ಎದ್ದರೆ ಏಳಲಿ. ಅದಕ್ಕೆ ಹೆಂಡತಿ ಇಲ್ಲ, ಊಟ ಇಲ್ಲ. ನಿಮಗೆ ಎರಡೂ ಇದೆ, ಕೂತುಕೊಳ್ಳಿ."

ಅವನು ಕೂತ. ನಾಲ್ಕನೆಯ ತುತ್ತಿಗೆ ಮತ್ತೆ ಎದ್ದ.

ಕೈ ಎತ್ತುವ ದಿನಕ್ಕೆ ಇನ್ನು ಹತ್ತು ದಿನವಿತ್ತು. ಅವತ್ತು ಕ್ಲೆಯಾಂಡ್ರ ಎಂಟನೆಯ ಕಲ್ಲನ್ನು ಎದೆಗವಚಿಕೊಂಡು ಬರುತ್ತಿದ್ದಾಗ, ಕಂಬದ ನೆರಳಿನಲ್ಲಿ ಒಬ್ಬ ಮನುಷ್ಯ ಮತ್ತು ಒಂದು ಕತ್ತೆ ನಿಂತಿದ್ದರು. ಕತ್ತೆಯ ಮೇಲೆ ಉಪ್ಪಿನ ಚೀಲ.

"ದಂಡನಾಯಕರು ಕಲ್ಲು ಹೊರುವುದನ್ನು ಇವತ್ತೇ ನೋಡಿದ್ದು," ಎಂದ ಆ ಮನುಷ್ಯ.

"ಕಾಲಿಗೆ ಎಡವಿತು. ಆ ಕಡೆ ಸರಿಸುತ್ತಿದ್ದೆ."

"ಆ ಏಳೂ ಎಡವಿದವೇ ಇರಬೇಕು."

ಕ್ಲೆಯಾಂಡ್ರ ಕಲ್ಲನ್ನು ಕೆಳಗೆ ಹಾಕಿದ. "ಯಾರಯ್ಯ ನೀನು?"

"ಸಿಮ್ಮಿಯ ಅಂತ, ಲಿಂಥದವನು. ಪ್ರತಿ ವರ್ಷ ನಿಮ್ಮೂರಿಗೆ ಉಪ್ಪು ತರುತ್ತೇನೆ. ಮೇಲೆ ಕೂತಿದೆಯಲ್ಲ ಶಿರಸ್ತ್ರಾಣ, ನಿಮ್ಮ ಬೆಟ್ಟದ ಕಡೆ ಮುಖ ಮಾಡಿಕೊಂಡು, ಅದು ನಮ್ಮಪ್ಪನದು. ಎಡಕಿವಿಯ ಹತ್ತಿರ ತಗ್ಗಿದೆ ನೋಡಿ. ಚಿಕ್ಕವನಿದ್ದಾಗ ನಾನೇ ಬೀಳಿಸಿದ್ದು. ಬೆನ್ನಿಗೆ ಎರಡು ಸಿಕ್ಕಿತ್ತು."

ಕ್ಲೆಯಾಂಡ್ರ ಮೇಲೆ ನೋಡಿದ. ನಾಲ್ಕು ವರ್ಷದಿಂದ ನೋಡುತ್ತಿದ್ದರೂ ಆ ತಗ್ಗನ್ನು ಗಮನಿಸಿರಲಿಲ್ಲ.

"ನಾನು ಬೀಳಿಸಿ ಅನ್ನುವುದಿಲ್ಲ ಸ್ವಾಮಿ," ಎಂದ ಸಿಮ್ಮಿಯ. "ಸೋತಿದ್ದೇವೆ, ಒಪ್ಪಿಕೊಂಡಿದ್ದೇವೆ. ನಿಲ್ಲುವಷ್ಟು ದಿನ ನಿಲ್ಲಲಿ. ಆದರೆ ನೀವು ಕಲ್ಲು ಇಡಬೇಡಿ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಆಕೆ ಕಣ್ಣು ಮುಚ್ಚುವ ಮುಂಚೆ ಅದು ಮನೆಗೆ ಬರಲಿ ಅಂತ. ಅಷ್ಟೇ."

ಕ್ಲೆಯಾಂಡ್ರ ಕೆಟ್ಟವನಲ್ಲ. "ಹತ್ತು ದಿನ ಕೊಡು," ಎಂದ. "ಕೈ ಎತ್ತುವ ದಿನ ಕಳೆಯಲಿ. ಅಲ್ಲಿಯವರೆಗೂ ಇನ್ನೊಂದು ಕಲ್ಲು ಇಡುವುದಿಲ್ಲ. ಆಮೇಲೆ ಇಟ್ಟದ್ದನ್ನೂ ತೆಗೆಯುತ್ತೇನೆ."

"ಮಾತು ತಾನೇ?"

"ದಂಡನಾಯಕನ ಮಾತು."

ಸಿಮ್ಮಿಯ ಊರಿಗೆ ಹೋಗಿ ವಿಷಯ ಹೇಳಿದ. ಲಿಂಥದವರಿಗೂ ಯುದ್ಧ ಸಾಕಾಗಿತ್ತು. ಆಗಲೇ ಮೂರು ಹೊಸ ಹಡಗು ಕಟ್ಟಿಕೊಂಡು ಮೆರೋಪಕ್ಕಿಂತ ಬಲವಾಗಿದ್ದರು, ಆದರೂ ಜಗಳ ತೆಗೆಯುವ ಮನಸ್ಸಿರಲಿಲ್ಲ. ಕಂಬ ಬಿದ್ದ ದಿನ ಕೊಯ್ಯಲು ಒಂದು ಆಡನ್ನು ಆರಿಸಿ, ಅದಕ್ಕೆ ಬಾರ್ಲಿ ತಿನ್ನಿಸತೊಡಗಿದರು.

ಎಂಟನೆಯ ದಿನ ದೊಡ್ಡ ಗಾಳಿ ಬಂತು. ಮಧ್ಯಾಹ್ನ ಕ್ಲೆಯಾಂಡ್ರ ಹೋಗಿ ನೋಡಿದರೆ ಕಂಬ ಬುಡದಲ್ಲೇ ಮುರಿದು ಮಲಗಿದೆ. ಗುರಾಣಿ ಒಂದು ಕಡೆ, ಕವಚ ಒಂದು ಕಡೆ. ಶಿರಸ್ತ್ರಾಣ ಹುಲ್ಲಿನಲ್ಲಿ ಉರುಳಿತ್ತು.

ನೋಡಿದವನು ಅವನೊಬ್ಬನೇ. ಅವನು ಮಾಡಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಮನೆಗೆ ನಡೆದು, ಆ ನಾಲ್ಕನೆಯ ತುತ್ತು ತಿಂದಿದ್ದರೆ ಸಾಕಿತ್ತು. ಆದರೆ ಎರಡು ದಿನ ಬಿಟ್ಟು ಬಯಲಿನಲ್ಲಿ ನಿಲ್ಲಬೇಕಲ್ಲ. ಎರಡೂ ಒಂದೇ ದಿನ ಮಲಗುತ್ತವೆ ಎಂದು ನಕ್ಕ ಜನರ ಮುಂದೆ.

ಅವನು ಮನೆಗೆ ಓಡಿದ. ಆಡಿನ ಕೊಟ್ಟಿಗೆಯ ನಡುಗಂಬ ಒಳ್ಳೆಯ ಸೈಪ್ರೆಸ್ ಮರದ್ದು, ಗೆದ್ದಲು ಮೂಸಿಯೂ ನೋಡುವುದಿಲ್ಲ. ಅದನ್ನೇ ಕಿತ್ತು, ಬುಡಕ್ಕೆ ಹಡಗಿಗೆ ಬಳಿಯುವ ರಾಳ ಬಳಿದು, ಹೆಗಲ ಮೇಲೆ ಹೊತ್ತು ಇಳಿದ. ಮುರಿದ ಪೈನ್ ಕಂಬವನ್ನು ಪೊದೆಯೊಳಗೆ ತಳ್ಳಿದ. ನೆಟ್ಟ. ಕವಚ ತೊಡಿಸಿದ. ಗುರಾಣಿ ಬಿಗಿದ. ಯಾರಾದರೂ ಬಂದರೆ ಎಂಬ ಭಯ. ಶಿರಸ್ತ್ರಾಣ ಹಾಕಿ ಓಡಿ ಬಂದ.

"ಕೊಟ್ಟಿಗೆಯ ಕಂಬ ಎಲ್ಲಿ?" ಎಂದಳು ಮೆಲಿತ್ತ. ಅವಳ ಹಿಂದೆ ಅರ್ಧ ಕುಸಿದ ಸೂರು, ಬಿಸಿಲಿಗೆ ಬಂದು ನಿಂತ ಹನ್ನೊಂದು ಆಡು.

"ಊರಿನ ಕೆಲಸಕ್ಕೆ ಬೇಕಾಗಿತ್ತು."

"ಊರು ಯಾವಾಗ ನಮ್ಮ ಕೊಟ್ಟಿಗೆಯ ಮೇಲೆ ನಿಂತಿತು?"

ಅವನು ಕೈಗೆ ಹತ್ತಿದ ರಾಳ ಉಜ್ಜಿಕೊಳ್ಳತೊಡಗಿದ.

ಕೈ ಎತ್ತುವ ದಿನ ಬಂತು. ಅಂಥ ಗಾಳಿಯಲ್ಲೂ ಕಂಬ ಈಟಿಯ ಹಾಗೆ ನೆಟ್ಟಗೆ ನಿಂತಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ದೇವರೇ ಹಿಡಿದುಕೊಂಡಿದ್ದಾನೆ ಎಂದರು. ಕಂಕುಳುಗಳು ಮತ್ತೆ ಕಂಡವು. ಕ್ಲೆಯಾಂಡ್ರ ಗೆದ್ದ.

ಮಾರನೆಯ ದಿನ ಸಿಮ್ಮಿಯ ಕಣಿವೆಗೆ ಬಂದ. ಗಾಳಿಯ ರಭಸ ನೋಡಿ, ಕಂಬ ಬಿದ್ದೇ ಇರುತ್ತದೆ ಎಂದು ಅಪ್ಪನ ಶಿರಸ್ತ್ರಾಣಕ್ಕೆ ಸುತ್ತಲು ಒಂದು ಮೆತ್ತನೆಯ ಬಟ್ಟೆ ತಂದಿದ್ದ. ನಿಂತು ನೋಡಿದ. ನಾಲ್ಕು ವರ್ಷ ಬೆಟ್ಟ ನೋಡುತ್ತಿದ್ದ ಶಿರಸ್ತ್ರಾಣ ಈಗ ಸಮುದ್ರ ನೋಡುತ್ತಿತ್ತು. ಹತ್ತಿರ ಹೋದ. ಕಂಬದಿಂದ ಆಡಿನ ವಾಸನೆ ಬರುತ್ತಿತ್ತು. ಸೊಂಟದ ಎತ್ತರಕ್ಕೆ, ಆಡುಗಳು ಮೈ ಉಜ್ಜಿ ಉಜ್ಜಿ ನುಣುಪಾದ ಗುರುತು.

ಅವನು ಬಟ್ಟೆಯನ್ನು ಮಡಚಿಕೊಂಡು ವಾಪಸು ಹೋದ. ಮೆರೋಪದವರಿಗೆ ಆ ವರ್ಷ ಉಪ್ಪು ಬರಲಿಲ್ಲ.

ಲಿಂಥದ ಜನರನ್ನು ಸೇರಿಸಿ ಸಿಮ್ಮಿಯ ಹೇಳಿದ್ದು ಇಷ್ಟೇ. "ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದ್ದಾರೆ. ನಾವು ಒಂದು ಸಲ ಸೋತೆವು ಅಂದುಕೊಂಡಿದ್ದೆ. ಇಲ್ಲ, ದಿನಾ ಸೋಲುತ್ತಿದ್ದೇವೆ. ನಮ್ಮಪ್ಪ ಸತ್ತು ನಾಲ್ಕು ವರ್ಷವಾಯಿತು, ಅವನನ್ನು ಇನ್ನೂ ಸಾಯಿಸುತ್ತಲೇ ಇದ್ದಾರೆ."

ಯಾರೂ ಕೂಗಾಡಲಿಲ್ಲ. ಸುಮ್ಮನೆ ಕೈ ಎತ್ತಿದರು. ಉಪ್ಪು ಮಾರುವವನು ದಂಡನಾಯಕನಾದ. ಗ್ರೀಕರಲ್ಲಿ ಅದೇನು ದೊಡ್ಡ ವಿಷಯವಲ್ಲ, ಕೈ ಎದ್ದರೆ ಆಯಿತು. ನೋಡಿ, ಕ್ಲೆಯಾಂಡ್ರ ತನ್ನ ಪದವಿ ಉಳಿಸಿಕೊಳ್ಳಲು ನೆಟ್ಟ ಕಂಬ ಇನ್ನೊಬ್ಬನಿಗೆ ಪದವಿ ಕೊಟ್ಟಿತು.

ಅಲ್ಲಿಂದ ನಲವತ್ತನೆಯ ದಿನ ಎರಡು ಸೈನ್ಯಗಳು ಅದೇ ಜಾಗದಲ್ಲಿ ಎದುರಾದವು. ಮೆರೋಪದವರು ಗುರಾಣಿಗೆ ಗುರಾಣಿ ಕೂಡಿಸಿ ಸಾಲಾಗಿ ನಿಂತರು. ಸಾಲು ಕಂಬದ ಪಕ್ಕದಲ್ಲೇ ಹಾದುಹೋಗಿತ್ತು.

"ಏನೋ ವಾಸನೆ," ಎಂದ ಒಬ್ಬ ಸೈನಿಕ.

"ಆಡಿನದು," ಎಂದ ಪಕ್ಕದವನು. ಕಂಬವನ್ನು ಮೇಲಿಂದ ಕೆಳಕ್ಕೆ ನೋಡಿದ. "ಇದು ಪೈನ್ ಅಲ್ಲ ಕಣೋ. ದಂಡನಾಯಕರ ಮನೆಯ ಕೊಟ್ಟಿಗೆ ಕುಸಿದದ್ದು ಯಾವತ್ತು?"

"ಗಾಳಿ ಬಂದ ದಿನ."

ಮಾತು ಸಾಲಿನ ಆ ತುದಿಯವರೆಗೆ ಹೋಯಿತು. ನಿಯಮ ಮುರಿದವನ ಹಿಂದೆ ನಿಂತರೆ ದೇವರು ಯಾರ ಕಡೆ ಇರುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಲಿಂಥದವರು ಮುನ್ನುಗ್ಗಿದಾಗ ಸಾಲು ನಡುವಿನಲ್ಲೇ ಬಿರಿಯಿತು. ಈ ಸಲ ಎಷ್ಟು ಜನ ಸತ್ತರು ಎಂದು ನಾನು ತಮಾಷೆ ಮಾಡುವುದಿಲ್ಲ. ಅಗತ್ಯವೇ ಇಲ್ಲದ ಸಾವುಗಳು.

ಕ್ಲೆಯಾಂಡ್ರನ ತೋಳಿಗೆ ಗಾಯವಾಗಿತ್ತು. ಅವನ ಕವಚ, ಶಿರಸ್ತ್ರಾಣ ಕಳಚಿ, ಒಂದು ಬಂಡೆಯ ಮೇಲೆ ಕೂರಿಸಿದರು. ಲಿಂಥದ ಸೈನಿಕರು ಕೊಡಲಿ ಹಿಡಿದು ಮೆರೋಪದವರ ಕಂಬದ ಕಡೆ ಹೋದರು.

"ಕಡಿಯಬೇಡಿ," ಎಂದ ಸಿಮ್ಮಿಯ. "ಅದು ಗೆಲುವಿನ ಕಂಬವಲ್ಲ, ಅವರ ಕೊಟ್ಟಿಗೆಯ ಕಂಬ. ಕಿತ್ತು ಮನೆಗೆ ಕಳಿಸಿ. ಆಡುಗಳು ಬಿಸಿಲಿನಲ್ಲಿವೆ."

ತಾನೇ ಹೋಗಿ ಅಪ್ಪನ ಶಿರಸ್ತ್ರಾಣ ತೆಗೆದುಕೊಂಡ. ಎಡಕಿವಿಯ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದ.

"ನಿನ್ನ ತಾಯಿ..." ಎಂದ ಕ್ಲೆಯಾಂಡ್ರ.

"ಹೋಗಿ ಒಂಬತ್ತು ದಿನವಾಯಿತು."

ಕ್ಲೆಯಾಂಡ್ರ ತಲೆ ತಗ್ಗಿಸಿದ. ಗಾಯದ ತೋಳನ್ನು ಹಿಡಿದುಕೊಂಡಿದ್ದ ಕೈ ಸಡಿಲವಾಯಿತು.

ಇನ್ನು ಲಿಂಥದವರು ತಮ್ಮ ಗೆಲುವಿನ ಕಂಬ ನೆಡಬೇಕಿತ್ತು. ಪದ್ಧತಿ, ಬಿಡುವಂತಿಲ್ಲ. ಸಿಮ್ಮಿಯ ಸುತ್ತ ನೋಡಿ, ಓಕ್ ಮರ ದಾಟಿದ, ಸೈಪ್ರೆಸ್ ದಾಟಿದ, ಒಂದು ಅಂಜೂರದ ಮರದ ಕೊಂಬೆ ಕಡಿಸಿದ. ಹಸಿ ಕೊಂಬೆ, ಹಾಲು ಇನ್ನೂ ಒಸರುತ್ತಿತ್ತು. ಅದನ್ನು ನೆಟ್ಟು, ಅದಕ್ಕೆ ಕ್ಲೆಯಾಂಡ್ರನ ಕವಚ ತೊಡಿಸಿದರು.

ಇಷ್ಟು ದಿನ ಕಂಬದ ಬುಡವನ್ನೇ ನೋಡಿದ ಮನುಷ್ಯನಿಗೆ ಸೋತು ಕೂತಲ್ಲೂ ಸುಮ್ಮನಿರಲಾಗಲಿಲ್ಲ. "ಅಂಜೂರ ಒಲೆಗೂ ಬಾರದ ಮರ," ಎಂದ. "ಎರಡು ಮಳೆಗಾಲ ತಡೆಯುವುದಿಲ್ಲ."

"ಗೊತ್ತು," ಎಂದ ಸಿಮ್ಮಿಯ. "ನನಗೆ ಉಪ್ಪಿನ ವ್ಯಾಪಾರವಿದೆ ಸ್ವಾಮಿ. ದಿನಾ ಮಧ್ಯಾಹ್ನ ಬಂದು ಇದನ್ನು ಕಾಯಲು ಬಿಡುವಿಲ್ಲ."

ಎರಡನೆಯ ಮಳೆಗಾಲಕ್ಕೆ ಅದು ಬಿತ್ತು. ಎರಡೂ ಊರಿನವರು ಆಡು ಕೊಯ್ದು ಒಟ್ಟಿಗೆ ಉಂಡರು. ಉಪ್ಪು ಜಾಸ್ತಿಯಾಯಿತು ಎಂದು ಮೆರೋಪದವರು ಗೊಣಗಿದರಂತೆ.

ನೀತಿ: ಗೆದ್ದಿದ್ದೀರಾ, ಸಂತೋಷ. ಆ ಗೆಲುವು ಹಳೆಯದಾಗುವುದಕ್ಕೂ ಬಿಡಿ. ಅದಕ್ಕೆ ದಿನಾ ಒತ್ತು ಕೊಟ್ಟು ನಿಲ್ಲಿಸುತ್ತಾ ಹೋದರೆ ನಿಮಗೆ ನೆಮ್ಮದಿ ಇರುವುದಿಲ್ಲ, ಸೋತವನ ಗಾಯ ಮಾಯುವುದಿಲ್ಲ, ಮತ್ತು ಆ ಮಾಯದ ಗಾಯವೇ ಒಂದು ದಿನ ನಿಮ್ಮ ಎದುರು ಸೈನ್ಯ ಕಟ್ಟಿಕೊಂಡು ಬರುತ್ತದೆ.